ಹಿತ್ತಾಳೆ ಕ್ಯಾಮೆರಾ ಮತ್ತು ಮಡಿಯ ಹೊಸ್ತಿಲು

೧೯೭೬ರಲ್ಲಿ ನಾನು ಸಿಂದಗಿಯಲ್ಲಿ ಫೋಟೋ ಸ್ಟುಡಿಯೋ ನಡೆಸುತ್ತಿದ್ದೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎರಡು ಖೋಲಿ. ಮುಂದಿನದರಲ್ಲಿ ಬಣ್ಣದ ಪರದೆ, ಸ್ಟೂಲು, ಕನ್ನಡಿ, ಎಲ್ಲರ ತಲೆಗೂ ಒಂದೇ ಬಾಚಣಿಕೆ. ಹಿಂದಿನದು ಡಾರ್ಕ್ ರೂಮ್. ಆದರೆ ಅಲ್ಲಿ ಕುಳಿತರೆ ಹೊಟ್ಟೆ ತುಂಬುತ್ತಿರಲಿಲ್ಲ. ಇಂಡಿಯಲ್ಲಿ ಮದುವೆ, ಮುದ್ದೇಬಿಹಾಳದಲ್ಲಿ ಶಾಲೆಯ ಗ್ರೂಪ್ ಫೋಟೋ, ಬಸವನ ಬಾಗೇವಾಡಿಯಲ್ಲಿ ತೊಟ್ಟಿಲ ಕಾರ್ಯ, ಹೀಗೆ ನಾಲ್ಕು ತಾಲೂಕಿನ ಬಸ್ಸುಗಳ ಧೂಳು ಕುಡಿದೇ ನಾನು ಈ ವೃತ್ತಿ ಕಲಿತದ್ದು.

ನನಗೆ ಗುರುಗಳಿಲ್ಲ. ನಮ್ಮಪ್ಪ ದನದ ಸಂತೆಯ ದಲ್ಲಾಳಿ. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇಲ್ಲ. ಕೊಳ್ಳುವವನ ಕೈ, ಮಾರುವವನ ಕೈ ಎರಡನ್ನೂ ಹೆಗಲ ವಲ್ಲಿಯಿಂದ ಮುಚ್ಚಿ, ಒಳಗೆ ಬೆರಳು ಹಿಡಿದು ಬೆಲೆ ತಿಳಿಸುತ್ತಾರೆ. ಮುಖದ ಮೇಲೆ ಮಾತ್ರ ಏನೂ ಕಾಣಬಾರದು. ಅಪ್ಪನಿಂದ ನಾನು ಕಲಿತದ್ದು ಎರಡು: ವಲ್ಲಿಯೊಳಗಿನ ಬೆರಳು, ಮತ್ತು ಎತ್ತನ್ನು ಹೂಡಿ ನೋಡದೆ ಕೊಳ್ಳಬಾರದು ಎಂಬ ಮಾತು. ಹಲ್ಲು ನೋಡಿ ಕೊಂಡವನು ಅರ್ಧ ಮೋಸ ಹೋಗುತ್ತಾನೆ, ಕೊಂಬು ನೋಡಿ ಕೊಂಡವನು ಪೂರ್ತಿ ಹೋಗುತ್ತಾನೆ ಎನ್ನುತ್ತಿದ್ದ ಅವನು.

ನನ್ನ ಆಸ್ತಿ ಎಂದರೆ ಮೂರು ಲೆನ್ಸ್. ೫೮ ಮಿಲಿಮೀಟರಿನದು ನನ್ನ ಮೊದಲ ಜರ್ಮನ್ ಕ್ಯಾಮೆರಾದ ಜೊತೆಗೆ ಬಂದದ್ದು. ಮುದ್ದೇಬಿಹಾಳದಿಂದ ವರ್ಗವಾಗಿ ಹೊರಟಿದ್ದ ಸರ್ವೇ ಸಾಹೇಬರೊಬ್ಬರು ಗಂಟುಮೂಟೆ ಕಟ್ಟುವ ಗಡಿಬಿಡಿಯಲ್ಲಿದ್ದಾಗ ಹೋಗಿ ಕೇಳಿದ್ದೆ. ವರ್ಗವಾದವರ ಮನೆಗೆ ಲಾರಿ ಬರುವ ದಿನ ಹೋಗಬೇಕು, ಹಿಂದಿನ ದಿನ ಹೋದರೆ ಬೆಲೆ ಇಳಿಯುವುದಿಲ್ಲ. ಅಗಲವಾಗಿ ಕಾಣುವ ೩೫ರದು ಇಂಡಿಯ ಗೆಳೆಯನದು; ಅವನು ಫೋಟೋ ಬಿಟ್ಟು ಸೈಕಲ್ ಅಂಗಡಿ ಹಾಕಿದಾಗ, ಅವನ ಮನೆಮಂದಿಯ ಫೋಟೋಗಳನ್ನೆಲ್ಲ ದೊಡ್ಡದು ಮಾಡಿಕೊಟ್ಟು ಪಡೆದದ್ದು. ಮೂರನೆಯದು ೧೩೫ ಮಿಲಿಮೀಟರಿನ ಟೆಲಿ ಲೆನ್ಸ್. ದೂರದ ಮುಖವನ್ನು ಹತ್ತಿರ ತರುತ್ತದೆ. ಸರ್ಕಸ್ ಕಂಪನಿಯೊಂದರ ಫೋಟೋಗ್ರಾಫರ್ ಮಾರಿದ್ದು. ಉಯ್ಯಾಲೆಯ ಹುಡುಗಿಯರನ್ನು ಅವನು ನೆಲದಲ್ಲಿ ನಿಂತೇ ಅದರಿಂದ ತೆಗೆಯುತ್ತಿದ್ದನಂತೆ. ಈ ಮೂರನ್ನೂ ನನ್ನ ಹೆಂಡತಿ ಹಳೆಯ ಇಲಕಲ್ಲ ಸೀರೆಯಿಂದ ಹೊಲಿದ ಚೀಲಗಳಲ್ಲಿ ಮಲಗಿಸುತ್ತಿದ್ದೆ. ನಮ್ಮ ಸೀಮೆಯ ಒಣ ಹವೆ ಲೆನ್ಸಿಗೆ ಬಲು ಒಳ್ಳೆಯದು, ಬೂಷ್ಟು ಹಿಡಿಯುವುದಿಲ್ಲ. ಧೂಳೊಂದೇ ವೈರಿ.

ಆ ವರ್ಷ ಕ್ಯಾಮೆರಾ ಕೈಕೊಟ್ಟಿತು. ಒಳಗಿನ ಬಟ್ಟೆಯ ಶಟರ್ ಪರದೆ ಸವೆದು ಅಲ್ಲಲ್ಲಿ ಬೆಳಕು ಸೋರತೊಡಗಿತ್ತು. ಇಂಡಿಯ ಒಂದು ಮದುವೆಯ ಗ್ರೂಪಿನಲ್ಲಿ ಹೆಣ್ಣಿನ ಕಡೆಯವರೆಲ್ಲ ಸರಿಯಾಗಿ ಬಂದು, ಗಂಡಿನ ಕಡೆಯವರ ಮೇಲೆ ಬಿಳಿ ಗೀರು ಬಿತ್ತು. ಬೀಗರ ನಡುವೆ ಅದೊಂದು ಜಗಳವೇ ಆಯಿತು. ರಿಪೇರಿಯವನು ಇನ್ನು ಇದರಲ್ಲಿ ಜೀವವಿಲ್ಲ ಎಂದ.

ಸೊಲ್ಲಾಪುರಕ್ಕೆ ಹೋದೆ. ಅಲ್ಲಿನ ಹಳೆಯ ಪೇಟೆಯ ಕ್ಯಾಮೆರಾ ವ್ಯಾಪಾರಿ ಶೇಠಜಿ ಮರಾಠಿ ಬೆರೆಸಿ ಕನ್ನಡ ಆಡುವ, ಗಿರಾಕಿಯ ಚಪ್ಪಲಿ ನೋಡಿ ಬೆಲೆ ಹೇಳುವ ಮನುಷ್ಯ. ಅದಕ್ಕೇ ನಾನು ಹಳೆಯ ಚಪ್ಪಲಿ ಹಾಕಿಕೊಂಡು ಹೋಗಿದ್ದೆ. ಅವನು ಎರಡು ಬಾಡಿ ತಂದಿಟ್ಟ. ಬಾಡಿ ಎಂದರೆ ಲೆನ್ಸ್ ಇಲ್ಲದ ಕ್ಯಾಮೆರಾದ ಮೈ.

ಒಂದು ಹೊಚ್ಚ ಹೊಸ ಜಪಾನಿನದು. ಅದರ ಕಣ್ಣಿನಲ್ಲೇ ಬೆಳಕು ಅಳೆಯುವ ಮೀಟರ್, ಸೂಜಿ ನಡುವೆ ಬಂದರೆ ಗುಂಡಿ ಒತ್ತಿದರಾಯಿತು. ತೊಂದರೆ ಒಂದೇ, ಅದರ ಲೆನ್ಸ್ ಹಿಡಿಯುವ ಬಾಯಿ ಬೇರೆ. ನನ್ನ ಲೆನ್ಸುಗಳು ತಿರುಪು ಹಾಕಿ ಕೂಡಿಸುವಂಥವು. ಅದರದು ಗಕ್ಕನೆ ಕೂರುವ ಬಯೊನೆಟ್. ನಡುವೆ ಎರಡನ್ನೂ ಕೂಡಿಸುವ ಬಳೆಯೊಂದನ್ನು ಹಾಕಬಹುದಿತ್ತು, ಆದರೆ ಆಗ ದೂರದ್ದು ಸ್ಪಷ್ಟವಾಗುವುದಿಲ್ಲ. ಎರಡನೆಯದು ಯಾರೋ ಬಳಸಿ ಬಿಟ್ಟದ್ದು, ತಿರುಪಿನ ಬಾಯಿಯದು. ಮೀಟರ್ ಇಲ್ಲ. ಹೊರಗಿನ ಕರಿಯ ಹೊದಿಕೆ ಪೂರ್ತಿ ಕಿತ್ತುಹೋಗಿತ್ತು, ಬಣ್ಣವೂ ಸವೆದು ಒಳಗಿನ ಹಿತ್ತಾಳೆ ಹೊಳೆಯುತ್ತಿತ್ತು. ನೋಡಿದರೆ ಅಡಿಗೆಮನೆಯ ಪಾತ್ರೆಯ ಹಾಗೆ.

“ಮಲ್ಲಪ್ಪ, ಹೊಸಾದು ತಗೋ. ನಿನ್ನ ಮೂರೂ ಲೆನ್ಸ್ ನನಗ ಕೊಡು, ಮ್ಯಾಲ ಸ್ವಲ್ಪ ರೊಕ್ಕ. ಅದರ ಜೋಡಿ ೫೦ರ ಹೊಸಾ ಲೆನ್ಸ್ ಬರ್ತದ,” ಎಂದ ಶೇಠಜಿ.

“ಮೂರ ಕೊಟ್ಟು ಒಂದ ತಗೊಳ್ಳೋದು ಯಾವ ಲೆಕ್ಕರೀ ಶೇಠಜಿ?”

“ಅರೇ ಬಾಬಾ, ನಿನ್ನ ಮೂರೂ ಮುದುಕ ಆಗ್ಯಾವ!”

“ನೀವೂ ಆಗೀರಲ್ರೀ. ನಿಮ್ಮನ್ನ ಯಾರೂ ಬದಲಿ ಮಾಡಿಲ್ಲಲ್ಲ.”

ಅವನು ನಕ್ಕ. ನಗುತ್ತಿರುವ ವ್ಯಾಪಾರಿಯ ಹತ್ತಿರ ಏನಾದರೂ ಕೇಳಿಬಿಡಬೇಕು, ತಡ ಮಾಡಬಾರದು. “ಎರಡೂ ಕೊಡ್ರಿ, ಒಂದು ಕೆಲಸಕ್ಕ ಹೂಡಿ ನೋಡ್ತೀನಿ. ಯಾವುದು ಎಳೀತೈತಿ ಅದನ್ನ ಇಟ್ಕೋತೀನಿ,” ಎಂದೆ. ಮುಂಗಡವಾಗಿ ಸಂಚಕಾರ ಕೊಟ್ಟೆ. ನಿಜ ಹೇಳಬೇಕೆಂದರೆ ನನ್ನ ಮನಸ್ಸು ಆಗಲೇ ಹೊಸದರ ಸೂಜಿಯ ಮೇಲೆ ಕುಣಿಯುತ್ತಿತ್ತು. ಲೆನ್ಸಿನ ಚೀಲಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ, ಮಾರಲು ಹೊರಟ ಎತ್ತಿನ ಬೆನ್ನು ಸವರಿದಂತೆ.

ಹೂಡಿ ನೋಡಬೇಕಾಗಿದ್ದ ಕೆಲಸ ಮನಗೂಳಿಯದು. ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ಕಲಿಸುತ್ತಿದ್ದ ರಾಘಣ್ಣ ಮಾಸ್ತರು ನನ್ನ ಹಳೆಯ ಗಿರಾಕಿ. ಹುಟ್ಟಿದಾಗಲೇ ತಾಯಿಯನ್ನು ಕಳೆದುಕೊಂಡವರು. ಸಾಕಿದ್ದು ಅಪ್ಪನ ಅಕ್ಕ ಅಂಬಾಬಾಯಿ. ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿ ತವರಿಗೆ ಬಂದು, ಮಡಿಯಲ್ಲೇ ಬದುಕು ಕಳೆದ ಹೆಂಗಸು. ಮಾಸ್ತರು ಆಕೆಯನ್ನು ಆತ್ಯಾ ಎಂದು ಕರೆಯುತ್ತಿದ್ದರು. ಆಕೆಯ ಒಂದೇ ಒಂದು ಫೋಟೋ ಇರಲಿಲ್ಲ. ಮದುವೆ, ಮುಂಜಿವೆಗಳಲ್ಲಿ ಕ್ಯಾಮೆರಾ ಬಂದರೆ ಒಳಗೆ ಹೋಗಿಬಿಡುತ್ತಿದ್ದರು.

“ನಮ್ಮ ಗ್ವಾಡಿ ಮ್ಯಾಲ ಸತ್ತವರು, ಇದ್ದವರು ಎಲ್ಲಾರೂ ಇದ್ದಾರ ಮಲ್ಲಪ್ಪ. ನನ್ನ ಸಾಕಿದಾಕಿ ಒಬ್ಬಾಕಿ ಇಲ್ಲ,” ಎಂದಿದ್ದರು ಮಾಸ್ತರು. “ಹೋದ ಶ್ರಾವಣದಾಗ ಬಾವಿಕಟ್ಟಿ ಹತ್ರ ಬಿದ್ಲು. ಆವಾಗಿಂದ ನನಗ ಹೆದರಿಕಿ ಆಗೇದ. ಈಗ ಹ್ಯಾಂಗೋ ಒಪ್ಪ್ಯಾಳ. ಆದರ ಒಂದ ಸಲ. ಸರಿ ಬರಲಿಲ್ಲ ಅಂದ್ರ ಮತ್ತ ಕೇಳಬ್ಯಾಡ ಅಂದಾಳ.”

ಆಕೆ ಹಾಕಿದ ಕರಾರುಗಳನ್ನೂ ಹೇಳಿದರು. ಏಕಾದಶಿಯ ದಿನ ಬರಬೇಕು. ಅಂದು ಒಲೆ ಹೊತ್ತಿಸುವುದಿಲ್ಲ. ಅಡಿಗೆಮನೆಯ ಹೊಸ್ತಿಲು ದಾಟಬಾರದು. ಕಣ್ಣಿಗೆ ಬೆಂಕಿ ಹಾರಿಸಬಾರದು, ಅಂದರೆ ಫ್ಲ್ಯಾಷ್ ಇಲ್ಲ. ಆಕೆ ಹೊರಗೆ ಬಂದು ಕೂರುವುದಿಲ್ಲ.

ಏಕಾದಶಿಯ ಬೆಳಿಗ್ಗೆ ಮನಗೂಳಿಯ ಅವರ ವಾಡೆಗೆ ಹೋದೆ. ಪಡಸಾಲೆ ದಾಟಿದರೆ ನಡುಮನೆ, ಅದರಾಚೆ ಅಡಿಗೆಮನೆ. ಹೊಸ್ತಿಲ ಆಚೆ, ಸುಮಾರು ಹದಿನೈದು ಅಡಿ ಒಳಗೆ, ಮಾಳಿಗೆಯ ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ಪಕ್ಕದಲ್ಲಿ ಅಂಬಾಬಾಯಿ ಕುಳಿತಿದ್ದರು. ತಲೆಯ ಮೇಲೆ ಕೆಂಪು ಸೀರೆಯ ಸೆರಗು, ಮುಂದೆ ಅರಳೆ. ಹೂಬತ್ತಿ ಹೊಸೆಯುತ್ತಿದ್ದರು. ನನ್ನನ್ನು ನೋಡಿಯೂ ನೋಡದಂತೆ ಕೈಯಾಡಿಸುತ್ತಿದ್ದರು.

ನಾನು ಮೊದಲು ಹೊಸ ಕ್ಯಾಮೆರಾವನ್ನೇ ಎತ್ತಿದೆ. ೫೦ರ ಲೆನ್ಸಿನಲ್ಲಿ ಕಂಡದ್ದೇನು? ದೊಡ್ಡ ಬಾಗಿಲ ಚೌಕಟ್ಟು, ಕತ್ತಲು, ನಡುವೆ ಶೇಂಗಾ ಬೀಜದಷ್ಟು ಅಜ್ಜಿ. ಸೂಜಿಯಂತೂ ಬೆಳಕಿಂಡಿಯ ಬಿಸಿಲನ್ನು ಕಂಡು ಮೇಲೆ ಹಾರಿ ಅಲ್ಲೇ ಕುಳಿತಿತು. ಅದರ ಮಾತು ಕೇಳಿದ್ದರೆ ಮುಖ ಕಪ್ಪಾಗುತ್ತಿತ್ತು. ಮುಂದೆ ಹೋಗೋಣವೆಂದರೆ ಹೊಸ್ತಿಲು. ಹಿಂದೆ ಮಾಸ್ತರು ನಿಂತಿದ್ದಾರೆ.

ಅಷ್ಟರಲ್ಲಿ ಒಳಗಿನಿಂದ ದನಿ ಬಂತು. “ಯಾಕೋ ತಮ್ಮಾ, ನಿನ್ನ ಕೈಯಾಗಿಂದು ತೊಗಲಲ್ಲೇನು?”

“ತೊಗಲಲ್ರೀ ಅಜ್ಜಿ. ರೆಕ್ಸಿನ್ ಐತ್ರಿ.”

“ರೆಕ್ಸಿನ್ ಅಂದ್ರ ಯಾವ ದನದ್ದು?”

ಮಾಸ್ತರು ಹಿಂದಿನಿಂದ, “ದನದ್ದಲ್ಲ ಆತ್ಯಾ, ಕಾರಖಾನಿದು,” ಎಂದರು.

“ನೀ ಸುಮ್ಮನಿರು ರಾಘ್ಯಾ. ಸಣ್ಣಾವಿದ್ದಾಗ ಬೆಲ್ಟ್ ಹಾಕ್ಕೊಂಡು ದೇವರ ಮನಿಗೆ ಬಂದು, ಇದೂ ಕಾರಖಾನಿದು ಅಂದಾವ ನೀನ. ತೊಗಲು ತಂದು ನನ್ನ ಬಾಗಲಾಗ ಹಿಡೀಬ್ಯಾಡ್ರಿ.” ಸೆರಗು ಮುಖದ ಮೇಲೆ ಇಳಿಯಿತು. ಕೈಯಲ್ಲಿದ್ದ ಬತ್ತಿ ಅಲ್ಲೇ ನಿಂತಿತು. ಎದ್ದು ಹೋಗುವವರ ಲಕ್ಷಣ.

ಮಾಸ್ತರ ಮುಖ ನೋಡಲಾಗಲಿಲ್ಲ. ವ್ಯಾಪಾರ ಮುರಿಯುವ ಹೊತ್ತಿನಲ್ಲಿ ವಾದ ಮಾಡಬಾರದು, ಬೇರೆ ಮಾಲು ತೆಗೆಯಬೇಕು. ಹೊಸ ಕ್ಯಾಮೆರಾ, ತೊಗಲಿನ ಕೇಸು ಎಲ್ಲವನ್ನೂ ಪಡಸಾಲೆಗೆ ಸಾಗಿಸಿದೆ. ಸೀರೆಯ ಚೀಲದಿಂದ ೧೩೫ರ ಲೆನ್ಸ್ ತೆಗೆದು, ಆ ಸಿಪ್ಪೆ ಸುಲಿದ ಬಾಡಿಗೆ ತಿರುವಿ ಕೂಡಿಸಿದೆ. ಬೆಳಕಿಗೆ ಹಿಡಿದು ತೋರಿಸಿದೆ.

ಸೆರಗು ಸ್ವಲ್ಪ ಸರಿಯಿತು. “ಅದು ಹಿತ್ತಾಳಿ ಅದ ಏನು?”

“ಹೌದ್ರಿ ಅಜ್ಜಿ, ಹಿತ್ತಾಳಿ.”

“ಹಿತ್ತಾಳಿ ನಡೀತದ. ತೊಳದರ ಮಡಿ ಆಗ್ತದ. ರಾಘ್ಯಾ, ಅದರ ಮ್ಯಾಲ ಒಂದ ತಂಬಿಗಿ ನೀರು ಹಾಕು.”

ನಾನು ಕ್ಯಾಮೆರಾವನ್ನು ಎದೆಗೆ ಅವಚಿಕೊಂಡೆ. ಅದು ಶೇಠಜಿಯ ಕ್ಯಾಮೆರಾ, ಇನ್ನೂ ನನ್ನದಲ್ಲ! “ಅಜ್ಜಿ, ನೀರು ಬಿದ್ರ ಸಾಯ್ತೈತ್ರಿ ಇದು. ತಂಬಿಗಿ ಬ್ಯಾಡ್ರಿ, ಹನಿ ಹಾಕ್ರಿ.”

“ಹನಿಗೆ ಏನಾಗ್ತದ? ಒಂದ ಪಾವು ಹಾಕಲಿ.”

“ಪಾವು ಭಾಳಾತ್ರಿ. ತುಳಸಿ ಎಲಿ ಮ್ಯಾಲಿಂದು ಎರಡು ಹನಿ.”

“ಐದು.”

“ಮೂರಕ್ಕ ಮುಗಸ್ರಿ ಅಜ್ಜಿ, ನಿಮ್ಮ ಮೊಮ್ಮಗ ಇದ್ದಂಗ.”

ಮೂರಕ್ಕೆ ಮುಗಿಯಿತು. ಮಾಸ್ತರು ತುಳಸಿ ಎಲೆಯಿಂದ ಮೂರು ಹನಿ ಬೀಳಿಸಿದರು, ನಾನು ಒಂದು ಹನಿಯನ್ನು ಬೆರಳ ಮೇಲೆ ಹಿಡಿದುಕೊಂಡೆ. ನನ್ನ ಜೀವಮಾನದಲ್ಲಿ ನೀರಿನ ಹನಿಗೆ ಚೌಕಾಶಿ ಮಾಡಿದ್ದು ಅದೊಂದೇ ಸಲ.

ಕಂಬಕ್ಕೆ ಹೆಗಲು ಕೊಟ್ಟು ನಿಂತು ಕಣ್ಣಿಟ್ಟೆ. ಸರ್ಕಸ್ಸಿನ ಲೆನ್ಸ್ ತನ್ನ ಕೆಲಸ ಮಾಡಿತು. ಚೌಕಟ್ಟು ಹೋಯಿತು, ಕತ್ತಲು ಹೋಯಿತು; ಅಜ್ಜಿಯ ಮುಖ, ಕೊರಳ ತುಳಸಿಮಣಿ, ಬತ್ತಿ ಹಿಡಿದ ಬೆರಳು, ಅಷ್ಟೇ ಉಳಿದವು. ಬೆಳಕನ್ನು ಅಂದಾಜಿನಿಂದಲೇ ಅಳೆದೆ: ಲೆನ್ಸಿನ ಬಾಯಿ ಪೂರ್ತಿ ತೆರೆದು, ಶಟರ್ ಸೆಕೆಂಡಿನ ಮೂವತ್ತರಲ್ಲಿ ಒಂದು ಭಾಗ. ಇಷ್ಟು ನಿಧಾನಕ್ಕೆ ಟೆಲಿ ಲೆನ್ಸ್ ಹಿಡಿದರೆ ಕೈ ನಡುಗಿ ಚಿತ್ರ ಕದಡುತ್ತದೆ. ಉಸಿರು ಹಿಡಿದು ಒತ್ತಬೇಕು. ಎರಡು ಸಲ ಒತ್ತಿದೆ. ಆದರೆ ಮುಖ ಬಿಗಿದುಕೊಂಡಿತ್ತು, ತೀರ್ಪು ಹೇಳಲು ಕುಳಿತವರಂತೆ.

“ಎಷ್ಟು ಕೊಟ್ಟಿ ಇದಕ್ಕ?” ಎಂದರು ಅಜ್ಜಿ ಇದ್ದಕ್ಕಿದ್ದಂತೆ.

“ಇನ್ನೂ ಕೊಟ್ಟಿಲ್ರಿ. ಸಂಚಕಾರ ಅಷ್ಟ ಕೊಟ್ಟೀನಿ.”

“ಹಂಗಾರ ಹೋಗಿ ಹೇಳು ಆ ವ್ಯಾಪಾರಿಗೆ.” ಬತ್ತಿ ಹಿಡಿದ ಕೈ ಮೇಲೆದ್ದಿತು. “ತೊಗಲು ಹೋದ ದನಕ್ಕ ಯಾರಪ್ಪಾ ಪೂರಾ ರೊಕ್ಕ ಕೊಡ್ತಾರ, ಅಂತ!” ಹೇಳಿದ ಮರುಗಳಿಗೆಯೇ ತಮ್ಮ ಮಾತಿಗೆ ತಾವೇ ನಕ್ಕರು. ಹಲ್ಲಿಲ್ಲದ ಬಾಯಿ, ಕಣ್ಣಂಚಿನ ತುಂಬ ಗೆರೆ. ನಾನು ನಗಲಿಲ್ಲ. ನಕ್ಕಿದ್ದರೆ ಕೈ ಅಲುಗುತ್ತಿತ್ತು. ಒತ್ತಿದೆ.

ಸಿಂದಗಿಗೆ ಬಂದು ಡೆವಲಪ್ ಮಾಡುವಾಗ ಹೆಂಡತಿ ಪಕ್ಕದಲ್ಲಿದ್ದಳು. ತಟ್ಟೆಯ ದ್ರಾವಣದಲ್ಲಿ ಕಾಗದದ ಮೇಲೆ ಮೊದಲು ಸೆರಗು ಮೂಡಿತು, ಆಮೇಲೆ ಕಣ್ಣು, ಆಮೇಲೆ ಬಾಯಿ. “ಯಾರ್ರೀ ಈಕಿ? ನಿಮಗ ಬಯ್ಯಾಕತ್ತಾಳೋ, ನಗಾಕತ್ತಾಳೋ?” ಎಂದಳು. ಎರಡೂ ಹೌದೆಂದೆ.

ಸೊಲ್ಲಾಪುರದಲ್ಲಿ ಹೊಸ ಕ್ಯಾಮೆರಾವನ್ನು ಶೇಠಜಿಯ ಮುಂದಿಟ್ಟು, ಹೆಗಲ ವಲ್ಲಿ ತೆಗೆದು ಅವನ ಕೈಯ ಮೇಲೆ ಮುಚ್ಚಿದೆ. ಅವನೂ ಸಂತೆಯ ಮನುಷ್ಯನೇ, ಬೆರಳು ತಾನಾಗಿ ಮಡಚಿತು. ನಾನು ಅಜ್ಜಿಯ ಮಾತನ್ನು ಅವರು ಹೇಳಿದಂತೆಯೇ ಹೇಳಿದೆ. ಅವನು ನಕ್ಕು ನಕ್ಕು ವಲ್ಲಿಯೊಳಗೆ ಇನ್ನೊಂದು ಬೆರಳು ಬಿಟ್ಟುಕೊಟ್ಟು ಬೆಲೆ ಇಳಿಸಿದ. ಹಿತ್ತಾಳೆ ಕ್ಯಾಮೆರಾ ನನ್ನದಾಯಿತು. ಮೂರು ಚೀಲಗಳೂ ನನ್ನ ಜೊತೆಗೇ ಊರಿಗೆ ಬಂದವು.

ಫೋಟೋ ಕೊಡಲು ಮನಗೂಳಿಗೆ ನಾನೇ ಹೋದೆ. ಮಾಸ್ತರು ಹೊಸ್ತಿಲ ಈಚೆ ನಿಂತು ಅದನ್ನು ಎತ್ತಿ ಹಿಡಿದರು. ಅಂಬಾಬಾಯಿ ಒಳಗೆ ನಿಂತೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಏನೋ, ನಾನು ನಿನ್ನ ಇಷ್ಟು ಹತ್ರ ಬರಗೊಟ್ಟಿಲ್ಲಲ್ಲೋ!” ಎಂದರು.

“ಹೊಸ್ತಿಲಾಚೆ ಕಾಲಿಟ್ಟಿಲ್ರೀ ಅಜ್ಜಿ.”

“ಕಾಲಿಟ್ಟಿಲ್ಲ, ಖರೆ,” ಎಂದು ಇನ್ನೊಮ್ಮೆ ನೋಡಿದರು. “ರಾಘ್ಯಾ, ಅದನ್ನ ಗ್ವಾಡಿಗೆ ಹಾಕೋದಾದ್ರ ನಿಮ್ಮ ಅವ್ವನ ಫೋಟೋ ಪಕ್ಕಕ್ಕ ಹಾಕು. ನಿನ್ನನ್ನ ನನ್ನ ಕೈಗೆ ಕೊಟ್ಟು ಹೋದಾಕಿ, ಒಬ್ಬಾಕೀನ ಇದ್ದಾಳ.”

ಮಾಸ್ತರು ಮೊಳೆ ಹುಡುಕುವ ನೆಪ ಮಾಡಿ ಪಡಸಾಲೆಗೆ ಹೋದರು. ಬಹಳ ಹೊತ್ತು ಬರಲಿಲ್ಲ.

ಈಗಲೂ ಹೊಸ ಹುಡುಗರು ಯಾವ ಕ್ಯಾಮೆರಾ ಕೊಳ್ಳಲಿ ಎಂದು ನನ್ನನ್ನು ಕೇಳುತ್ತಾರೆ. ನಾನು ಹೇಳುವುದು ಇಷ್ಟೇ. ಬಾಡಿ ಬರುತ್ತದೆ, ಹೋಗುತ್ತದೆ. ಆ ಹಿತ್ತಾಳೆಯದೂ ನನ್ನ ಕೈಯಲ್ಲಿ ಸವೆದು ಹೋಯಿತು. ನಿನ್ನ ಹತ್ತಿರ ಆಗಲೇ ಏನಿದೆಯೋ ಅದಕ್ಕೆ ಹೊಂದುವುದನ್ನು ತಗೋ, ಅಂಗಡಿಯ ಗಾಜಿನಲ್ಲಿ ಹೊಳೆಯುವುದನ್ನಲ್ಲ. ಕೊಳ್ಳುವ ಮೊದಲು ಕೆಲಸಕ್ಕೆ ಹೂಡಿ ನೋಡು. ಮತ್ತು ಜನರು ನಿನ್ನನ್ನು ಎಲ್ಲಿ ನಿಲ್ಲಿಸುತ್ತಾರೋ ಅಲ್ಲೇ ನಿಲ್ಲು. ಅಲ್ಲಿಂದಲೇ ಹತ್ತಿರ ಹೋಗುವ ದಾರಿ ನಿನ್ನ ಹಳೆಯ ಚೀಲದಲ್ಲಿ ಇದ್ದೇ ಇರುತ್ತದೆ, ಅದನ್ನು ನೀನು ಮಾರಿರದಿದ್ದರೆ.