ಇಂಟರ್‌ನೆಟ್‌ಗೆ ದಾರಿ ಬರೆದುಕೊಡುವ ಮುನಿಗಂಗಪ್ಪ

ಬೆಳಗಿನ ಐದೂ ಮುಕ್ಕಾಲು. ಚಾಮರಾಜಪೇಟೆಯ ಬೀದಿಯಲ್ಲಿ ಹಾಲಿನ ವ್ಯಾನು ಇನ್ನೂ ಕ್ರೇಟು ಇಳಿಸುತ್ತಿದೆ. ದಿನಸಿ ಅಂಗಡಿಯ ಮೇಲಿನ ಪುಟ್ಟ ಕೋಣೆಯಲ್ಲಿ ನಲವತ್ತಮೂರರ ಮುನಿಗಂಗಪ್ಪ ಕಂಪ್ಯೂಟರ್ ಪರದೆಗೆ ಮೂಗು ತಾಗುವಷ್ಟು ಬಾಗಿ ಅಂಕಿಗಳನ್ನು ಬಾಯಿಬಿಟ್ಟು ಓದುತ್ತಿದ್ದಾರೆ. "ಆರಾಗ್ಲಿ, ಆಮೇಲೆ ಮಾತಾಡೋಣ. ಈಗ ನಂಗೆ ಏನೂ ಕೇಳ್ಸಲ್ಲ," ಎನ್ನುತ್ತಾರೆ, ನನ್ನ ಕಡೆ ತಿರುಗದೆ.

ಸುತ್ತಲಿನ ಬಡಾವಣೆಗಳಿಗೆ ಇಂಟರ್‌ನೆಟ್ ಕೊಡುವ ಸಣ್ಣ ಕಂಪನಿ ಇದು. ಸಾವಿರದ ನಾನೂರು ಸಂಪರ್ಕ, ಏಳು ಜನ ನೌಕರರು. ಇಂಥ ಪ್ರತಿ ಕಂಪನಿಗೂ ಐದಂಕಿಯ ಒಂದು ಗುರುತಿನ ಸಂಖ್ಯೆ ಇರುತ್ತದೆ. ತನ್ನ ಬಳಿ ಯಾವ ಯಾವ ವಿಳಾಸಗಳಿವೆ ಎಂಬುದನ್ನು ಆ ಸಂಖ್ಯೆಯೊಂದಿಗೆ ರೂಟಿಂಗ್ ರಿಜಿಸ್ಟ್ರಿ ಎಂಬ ಬಹಿರಂಗ ದಾಖಲೆಯಲ್ಲಿ ಬರೆಸಬೇಕು. ಇವರನ್ನು ಹೊರಜಗತ್ತಿಗೆ ಜೋಡಿಸುವ ದೊಡ್ಡ ಕಂಪನಿ ದಿನವೂ ಬೆಳಗ್ಗೆ ಆರಕ್ಕೆ ಆ ದಾಖಲೆ ಓದಿ, ಸರಿಯಾಗಿ ಬರೆಸಿದ ವಿಳಾಸಗಳಿಗಷ್ಟೇ ದಾರಿ ಬಿಡುತ್ತದೆ. "ಮನೆ ಇದ್ರೆ ಸಾಲ್ದು ಸಾರ್. ಈ ಮನೆಗೆ ಈ ಬೀದೀಲೇ ಬರ್ಬೇಕು ಅಂತ ಬರ್ದಿಟ್ಟಿರ್ಬೇಕು. ಇಲ್ದಿದ್ರೆ ಟಪಾಲು ಬರಲ್ಲ," ಎಂದು ಅವರೇ ಬಿಡಿಸಿ ಹೇಳುತ್ತಾರೆ.

ಹತ್ತನೇ ತರಗತಿಗೆ ಓದು ಬಿಟ್ಟವರು. ತೊಂಬತ್ತರ ದಶಕವಿಡೀ ನಗರ್ತಪೇಟೆಯ ಗುಂಡಿಗಳಲ್ಲಿ ಕೂತು ಟೆಲಿಫೋನ್ ಕೇಬಲ್ ಜೋಡಿಸಿದರು. ಈ ಕಂಪನಿ ಸೇರಿದ ಮೇಲೆ, 2001ರಲ್ಲಿ, ಓಕಳಿಪುರಂನಲ್ಲಿ ಕಂಬದಿಂದ ಬಿದ್ದು ಮಂಡಿ ಮುರಿಯಿತು. ಮಾಲೀಕ ರಾಘವ ಇವರಿಗೆ ಆಫೀಸಿನೊಳಗೆ ಕುರ್ಚಿ ಕೊಟ್ಟು ಕೂರಿಸಿದರು. ಮೂರು ವರ್ಷದ ನಂತರ ಇದ್ದೊಬ್ಬ ಎಂಜಿನಿಯರ್ ಕೆಲಸ ಬಿಟ್ಟಾಗ, ರಿಜಿಸ್ಟ್ರಿಯ ಪಾಸ್‌ವರ್ಡ್ ಬರೆದ ಚೀಟಿ ಇವರ ಕೈಗೆ ಬಂತು.

ನಿಗದಿತ ನಮೂನೆಯನ್ನು ಇಂಗ್ಲಿಷಿನಲ್ಲಿ ತುಂಬಿ ರಿಜಿಸ್ಟ್ರಿಗೆ ಮೇಲ್ ಮಾಡಬೇಕು. ಉತ್ತರ ಕೊಡುವುದು ಅಲ್ಲಿನ ಯಂತ್ರ. ಮೊದಲ ಹನ್ನೊಂದು ಮೇಲ್‌ಗಳೂ ತಿರಸ್ಕೃತವಾದವು. ಡಿಕ್ಷನರಿ ಇಟ್ಟುಕೊಂಡು ಒಂದೊಂದೇ ಸಾಲು ಬಿಡಿಸಿದರು. ಹನ್ನೆರಡನೆಯದು ಒಪ್ಪಿಗೆಯಾದ ದಿನ ಮನೆಗೆ ಮೈಸೂರ್‌ಪಾಕ್ ಒಯ್ದರಂತೆ.

ಕಳೆದ ವರ್ಷ, 2007ರಲ್ಲಿ, ಕಂಪನಿಯ ಗುರುತಿನ ಸಂಖ್ಯೆಯೇ ಬದಲಾಯಿತು. ರಿಜಿಸ್ಟ್ರಿಯಲ್ಲಿದ್ದ ನಾಲ್ಕು ವಿಳಾಸ ಗುಂಪುಗಳ ಹಳೆಯ ನಮೂದುಗಳನ್ನು ಅಳಿಸಿ ಹೊಸದಾಗಿ ಬರೆಯಬೇಕಿತ್ತು. ಮುನಿಗಂಗಪ್ಪ ಬರೆದರು, ಯಂತ್ರ ನಾಲ್ಕನ್ನೂ ಒಪ್ಪಿತು. ಮರುದಿನ ಆರಕ್ಕೆ ನೋಡಿದರೆ ಆಫೀಸಿನಲ್ಲಿ ನೆಟ್ ಬರುತ್ತಿತ್ತು. ನೆಮ್ಮದಿಯಿಂದ ಕಾಫಿಗೆ ಹೋದರು.

ಏಳೂ ಹತ್ತಕ್ಕೆ ಶಂಕರಪುರಂನ ನರ್ಸಿಂಗ್ ಹೋಮ್‌ನಿಂದ ನರ್ಸ್ ಆಂಡಾಳ್ ಫೋನ್ ಮಾಡಿದರು. "ನೆಟ್ ಇಲ್ಲ ಸಾರ್! ರಾಮಸ್ವಾಮಿ ಮೇಷ್ಟ್ರಿಗೆ ಎದೆನೋವು. ಇಸಿಜಿ ಜಯನಗರದ ಡಾಕ್ಟರ್‌ಗೆ ಕಳಿಸ್ಬೇಕು, ಹೋಗ್ತಾನೇ ಇಲ್ಲ. ಫ್ಯಾಕ್ಸೂ ಕೆಟ್ಟಿದೆ!"

ಮುನಿಗಂಗಪ್ಪ ಮಾಲೀಕರನ್ನು ಕೂಗಿ ವಿಷಯ ಹೇಳಿದರು. ರಾಘವ ಸ್ಕೂಟರ್ ತೆಗೆದು, ನರ್ಸಿಂಗ್ ಹೋಮ್‌ನಿಂದ ಇಸಿಜಿ ಕಾಗದ ಪಡೆದು ಜಯನಗರಕ್ಕೆ ಓಡಿದರು. ಇತ್ತ ಮುನಿಗಂಗಪ್ಪ ನಾಲ್ಕೂ ನಮೂದು ತೆರೆದರು. ಮೂರು ಸರಿ. ನಾಲ್ಕನೆಯದರಲ್ಲಿ ಗುರುತಿನ ಸಂಖ್ಯೆಯ ಎರಡು ಅಂಕಿ ಅದಲುಬದಲಾಗಿದ್ದವು. ಅದು ಇನ್ನಾವುದೋ ಕಂಪನಿಯ ನಿಜವಾದ ಸಂಖ್ಯೆಯೇ ಆಗಿದ್ದರಿಂದ ಯಂತ್ರಕ್ಕೆ ತಪ್ಪೆನಿಸಲಿಲ್ಲ. ಆ ಒಂದು ಸಾಲಿನಿಂದ ಇನ್ನೂರೈವತ್ತು ಸಂಪರ್ಕ ಸತ್ತಿದ್ದವು.

ತಿದ್ದಿ ಕಳಿಸಿದರು. ಆದರೆ ದೊಡ್ಡ ಕಂಪನಿ ದಾಖಲೆಯನ್ನು ಮತ್ತೆ ಓದುವುದು ನಾಳೆ ಆರಕ್ಕೆ! ಅಲ್ಲಿಗೆ ಫೋನ್ ಹಚ್ಚಿದರು. "ನನ್ನದೇ ತಪ್ಪು ಸಾರ್. ಆಸ್ಪತ್ರೆ ಸಾರ್, ಈಗ್ಲೇ ಒಂದ್ಸಲ ಓದಿಸ್ಬಿಡಿ," ಎಂದು ಮೂರು ಜನರಿಗೆ ಮೂರು ಸಲ ಹೇಳಿದರು. ಮೂರನೆಯವರು ಒಪ್ಪಿ, ಒಂದೊಂದೇ ಅಂಕಿ ಹೇಳಿಸಿಕೊಂಡರು. ಎಂಟೂವರೆಗೆ ದಾರಿ ತೆರೆಯಿತು.

ಅಷ್ಟರಲ್ಲಿ ಜಯನಗರದ ಡಾಕ್ಟರ್ ಕಾಗದ ನೋಡಿ, ಫೋನಿನಲ್ಲೇ ಇಂಜೆಕ್ಷನ್ ಹೇಳಿದ್ದರು. ಮೇಷ್ಟ್ರು ಉಳಿದರು. ಆ ಸಂಜೆ ಮುನಿಗಂಗಪ್ಪ ಕುಂಟುತ್ತಾ ನರ್ಸಿಂಗ್ ಹೋಮ್‌ಗೆ ಹೋಗಿ, ಮೇಷ್ಟ್ರ ಹಾಸಿಗೆಯ ಪಕ್ಕ ನಿಂತು ತಪ್ಪು ಒಪ್ಪಿಕೊಂಡರು. "ಬೈತಾರೆ ಅಂತಿದ್ದೆ. ಕೂತ್ಕೊಳಯ್ಯ, ಮಂಡಿ ನೋಯುತ್ತೆ ಅಂದ್ರು. ಅಳು ಬಂದ್ಬಿಡ್ತು," ಎನ್ನುತ್ತಾರೆ.

ಅಂದಿನಿಂದ ಮನೆಯಲ್ಲೊಂದು ಅಭ್ಯಾಸ. ರಿಜಿಸ್ಟ್ರಿಯಲ್ಲಿ ಬದಲಾವಣೆ ಇರುವ ದಿನದ ಹಿಂದಿನ ಸಂಜೆ ಇವರು ಹೊಸ ನಮೂದನ್ನು ಕಾಗದದಲ್ಲಿ ಬರೆದುಕೊಂಡು ಮನೆಗೆ ಹೋಗುತ್ತಾರೆ. ತರಕಾರಿ ವ್ಯಾಪಾರ ಮುಗಿಸಿ ಬಂದ ಹೆಂಡತಿ ಅಕ್ಕಯಮ್ಮ ಗಟ್ಟಿಯಾಗಿ ಓದುತ್ತಾರೆ. "ನಂಗೆ ಇಂಗ್ಲಿಷ್ ಬರಲ್ಲ. ನಂಬರ್ ಬರುತ್ತೆ. ಇವ್ರು ಕಣ್ಮುಚ್ಕೊಂಡು ಕೇಳ್ತಾರೆ, ನಾನು ಓದ್ತೀನಿ," ಎನ್ನುತ್ತಾರೆ ಆಕೆ. ಹೀಗೆ ಕಲಿತದ್ದನ್ನೆಲ್ಲ ಮುನಿಗಂಗಪ್ಪ ಕನ್ನಡದಲ್ಲಿ ನೂರು ಪುಟದ ನೋಟ್‌ಬುಕ್ಕಿಗೆ ಇಳಿಸಿದ್ದಾರೆ. ಅದರ ಜೆರಾಕ್ಸ್ ಬಸವನಗುಡಿ, ಮಲ್ಲೇಶ್ವರದ ಸಣ್ಣ ಕಂಪನಿಗಳನ್ನೂ ತಲುಪಿದೆ.

ಮೊನ್ನೆ ಮಲ್ಲೇಶ್ವರದಿಂದ ಈ ಕೆಲಸಕ್ಕೆ ಹೊಸಬರಾದ ಶ್ರೀವಿದ್ಯಾ ಎಂಬುವರು ಫೋನ್ ಮಾಡಿ, ಎಂಟರ್ ಒತ್ತುವಾಗಿನ ಹೆದರಿಕೆ ಯಾವಾಗ ಹೋಗುತ್ತದೆ ಎಂದು ಕೇಳಿದರಂತೆ. ನೀವೇನು ಹೇಳಿದಿರಿ ಎಂದೆ.

"ನಂಗಿನ್ನೂ ಹೋಗಿಲ್ಲಮ್ಮ ಅಂದೆ. ಒತ್ತೋಕ್ ಮುಂಚೆ ಫೋನ್ ಮಾಡಿ, ನೀವು ಓದಿ, ನಾನ್ ಕೇಳಿಸ್ಕೋತೀನಿ ಅಂದೆ."