ದರ್ಜಿ ಹೇಳದೆ ಉಳಿಸಿದ ಶಬ್ದ

ಎರಡನೆಯ ಮಹಾಯುದ್ಧದ ದಿನಗಳಲ್ಲಿ, ಪುಣೆಯ ಕ್ಯಾಂಪ್ ಪೇಟೆಯಲ್ಲಿ ನನ್ನ ಕೋಟು ಹೊಲಿಯುತ್ತಿದ್ದ ಗೋವೆಯ ದರ್ಜಿ ಮೊದಲು ಹುಬ್ಬಳ್ಳಿಯಲ್ಲಿದ್ದವನು, ನಮ್ಮ ಕನ್ನಡವನ್ನೇ ಆಡುತ್ತಿದ್ದ. ಮಶೀನು ತುಳಿಯುತ್ತ ಸದಾ ಒಂದೇ ಪೋರ್ತುಗೀಸ್ ಪ್ರೇಮಗೀತೆ ಹಾಡುತ್ತಿದ್ದ. ಅರ್ಥ ಕೇಳಿದರೆ, "ತಡೀರಿ ರಾಯರ, ಅಳತಿ ತಪ್ತದ" ಎಂದು ಟೇಪನ್ನು ಕೊರಳಿಗೆ ಹಾಕಿಕೊಂಡು, ದಿನಕ್ಕೊಂದೇ ಶಬ್ದ ಬಿಡಿಸಿ ಹೇಳುತ್ತಿದ್ದ. 'ಜನೇಲ' ಎಂದರೆ ಕಿಟಕಿ. 'ಶಾವ್' ಎಂದರೆ ನಮ್ಮ ಚಾವಿ. ಎದೆಯ ಚಾವಿ ಹಿಡಿದು ಕಿಟಕಿಯಲ್ಲಿ ನಿಂತ ಹುಡುಗಿಯೊಬ್ಬಳು ಹೀಗೆ ಮೆಲ್ಲಗೆ ಮೂಡಿದಳು. ದೂರ ಹೋದವನನ್ನು ಅವಳು ನೆನೆಯುವಲ್ಲಿ ಬರುವ 'ಸೌದಾದ್' ಒಂದೇ ಉಳಿದುಹೋಯಿತು. "ಅದಕ್ಕ ಕನ್ನಡದಾಗ ಅರಿವಿ ಸಾಲೂದಿಲ್ರಿ" ಎಂದು ಜಾರಿಕೊಳ್ಳುತ್ತಿದ್ದ.

ಅಂಗಡಿ ಬಿಟ್ಟು ಊರಿಗೆ ಹೋಗಲಾಗದೆ, ಅಲ್ಲೇ ಇದ್ದ ಹೆಂಡತಿಗೆ ಪ್ರತಿ ಕ್ರಿಸ್ಮಸ್ಸಿಗೂ ಒಂದು ಫ್ರಾಕು ಹೊಲಿದು ಕಳಿಸುತ್ತಿದ್ದ. ಹೀಗೆ ಹತ್ತು ವರ್ಷ ಅಗಲಿದ್ದ ಮೇಲೆ ಅವಳೇ ಪುಣೆಗೆ ಬಂದಳು. ನಾನು ಅಂಗಡಿಯಲ್ಲಿದ್ದಾಗಲೇ, ಹೊಸ ಫ್ರಾಕು ತೊಡಲು ಪರದೆಯ ಹಿಂದೆ ಹೋದವಳು ಅದನ್ನು ಕೈಯಲ್ಲಿ ಹಿಡಿದೇ ಹೊರಬಂದು, ಕೊಂಕಣಿಯಲ್ಲಿ ಏನೋ ಹೇಳಿ ನಕ್ಕಳು. ನನ್ನ ತೋಳನ್ನು ಮೂರು ಮೂರು ಸಲ ಅಳೆಯುವ ಆತ, ಅವಳ ಫ್ರಾಕನ್ನು ಮದುವೆಯ ವರ್ಷದ ಅಳತೆಯಲ್ಲೇ ಹೊಲಿದಿದ್ದ.

"ಪ್ರತಿ ವರ್ಷ ತಾನ ಹೊಲಿಗಿ ಬಿಚ್ಚಿ ಸಡ್ಲ ಮಾಡ್ಕೋತಿದ್ಳಂತ್ರಿ" ಎಂದ. "ನನಗ ಒಂದ್ ಸಲಾನೂ ಬರೀಲಿಲ್ಲ."

ಫ್ರಾಕನ್ನು ತೊಡೆಯ ಮೇಲೆ ಹರಡಿಕೊಂಡು ಬಹಳ ಹೊತ್ತು ಸವರಿದ. ಆಮೇಲೆ ಅದನ್ನೇ ನನ್ನತ್ತ ಚಾಚಿದ.

"ಉಳಿದ ಶಬ್ದ ಕೇಳ್ತಿದ್ರಲ್ಲ, ರಾಯರ? ತಗೋರಿ."