ಕರೆಂಟ್ ಪೇಟಿಯ ಸನಾದಿ

ಅಕ್ಕ ಅದನ್ನು ಕರೆಂಟ್ ಪೇಟಿ ಎನ್ನುತ್ತಿದ್ದಳು; ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ಸಿಂಥಸೈಸರ್ ಎಂಬ ಹೆಸರಿಗೆ ಅವಳ ನಾಲಿಗೆ ಹೊರಳುತ್ತಿರಲಿಲ್ಲ. ಹಳಿಯಾಳದ ಪೇಟೆಯಲ್ಲಿ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡಿಕೊಂಡಿದ್ದ ನನಗೂ ಅದು ಅಷ್ಟಕ್ಕಷ್ಟೇ. ಅವಳ ಗಂಡ ದಾಂಡೇಲಿಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ. ಗೋವಾದ ಯಾವುದೋ ಹೋಟೆಲಿನ ಬ್ಯಾಂಡು ಮುಚ್ಚಿದಾಗ ಈ ಜಪಾನಿ ಪೆಟ್ಟಿಗೆಯನ್ನು ಹೊತ್ತು ತಂದಿದ್ದ. ಮಗಳು ಇನ್ನೂ ತೊಟ್ಟಿಲಲ್ಲಿದ್ದಾಗ ಕಾಮಾಲೆಯಾಗಿ ತೀರಿಹೋದ. ಅಕ್ಕ ಮಗುವನ್ನೂ ಪೆಟ್ಟಿಗೆಯನ್ನೂ ಎತ್ತಿಕೊಂಡು ಸಾಂಬ್ರಾಣಿ ಎಂಬ ಹಳ್ಳಿಯ ಅತ್ತೆಮನೆಗೆ ಬಂದಳು.

ಆ ಮಗಳ ಮದುವೆ ಗೊತ್ತಾದಾಗ ಅಕ್ಕ ಪೆಟ್ಟಿಗೆಯನ್ನು ಟೆಂಪೋದಲ್ಲಿ ಹಾಕಿಸಿಕೊಂಡು ನನ್ನ ಅಂಗಡಿಗೆ ಬಂದಳು. ಹೊದಿಸಿದ್ದ ಸೀರೆ ತೆಗೆದರೆ ಒಳಗೆ ಬೆರಳು ದಪ್ಪ ಧೂಳು.

"ಒರಸಾಕರ ಆಗತಿರಲಿಲ್ಲೇನು?" ಎಂದು ರೇಗಿದೆ.

"ಒರಸಿದ್ರ ಕಿವಿ ತಿರಗತಾವಲ್ಲೋ ತಮ್ಮಾ. ಅವರು ಬಿಟ್ಟಂಗ ಅದಾವು. ಯಾರೂ ಕೈ ಹಚ್ಚಿಲ್ಲ."

ಕಿವಿ ಎಂದರೆ ನಾಬುಗಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಆ ಕಾಲದ ಪೆಟ್ಟಿಗೆಗೆ ನೆನಪಿನ ಶಕ್ತಿ ಇಲ್ಲ. ಒಂದು ದನಿ ಬೇಕೆಂದರೆ ಹತ್ತಾರು ನಾಬುಗಳನ್ನು ಕೂದಲೆಳೆಯಷ್ಟು ಅತ್ತಿತ್ತ ಮಾಡುತ್ತ ಹುಡುಕಬೇಕು. ನಾಬು ಅಲುಗಿತೋ, ದನಿ ಹೋಯಿತು. ಭಾವ ತಿಂಗಳುಗಟ್ಟಲೆ ಹುಡುಕಿ ಸನಾದಿಯ ದನಿ ತೆಗೆದಿದ್ದನಂತೆ. ಅದನ್ನು ಹಾಗೆಯೇ ಬಿಟ್ಟು ಹೋಗಿದ್ದ.

"ಅಕ್ಕಿಕಾಳು ಬೀಳೂ ಹೊತ್ತಿಗೆ ಇದನ್ನ ಬಾರಸಬೇಕು. ಅಕಿ ಅವರಪ್ಪನ ದನಿ ಕೇಳಿಲ್ಲ. ಇದನ್ನರ ಕೇಳ್ಲಿ," ಎಂದಳು. "ಅಲ್ಲೀತನಕಾ ಅಕಿಗೆ ಏನೂ ಹೇಳಬ್ಯಾಡ."

ನಾಬು ಕೀಳದೆ ಮುಚ್ಚಳ ಬಿಚ್ಚುವಂತಿರಲಿಲ್ಲ. ಒಂದೊಂದು ಎಲ್ಲಿಗೆ ನಿಂತಿದೆಯೋ ಅಲ್ಲೊಂದು ಗುರುತು ಬೇಕು ಎಂದೆ. ಮರುದಿನ ಅಕ್ಕ ಟಿಕಳಿಯ ಹಾಳೆ ತಂದಳು. ಹಣೆಗೆ ಹಚ್ಚುವುದನ್ನು ಬಿಟ್ಟ ಮೇಲೆ ಟ್ರಂಕಿನಲ್ಲಿ ಉಳಿದದ್ದು. ಅಂಟು ಒಣಗಿತ್ತು, ಫೆವಿಕಾಲ್ ಹಾಕಿ ಅಂಟಿಸಿದೆ.

ಒಳಗೆ ಇಲಿ ಹಿಕ್ಕೆ, ಹೊಟ್ಟೆ ಉಬ್ಬಿದ ಕಂಡೆನ್ಸರುಗಳು. ಅವನ್ನು ಬದಲಿಸಿದೆ. ನಮ್ಮ ಮನೆಯ ಕರೆಂಟಿನ ಅರ್ಧಕ್ಕೇ ನಡೆಯುವ ಯಂತ್ರವಾದ್ದರಿಂದ ಅದಕ್ಕೆ ಬೇರೆ ಟ್ರಾನ್ಸ್‌ಫಾರ್ಮರ್ ಹಚ್ಚಿದೆ. ಹಾಗಿದ್ದೂ ನೇರವಾಗಿ ಪ್ಲಗ್ಗಿಗೆ ಕೊಡಲು ಧೈರ್ಯವಾಗಲಿಲ್ಲ. ನಮ್ಮ ಕಸುಬಿನವರು ನಡುವೆ ಒಂದು ಬಲ್ಬು ಕಟ್ಟುತ್ತೇವೆ. ಬಲ್ಬು ಮಂಕಾಗಿದ್ದರೆ ಎಲ್ಲ ಕ್ಷೇಮ, ಝಗ್ ಎಂದರೆ ಒಳಗೆ ಏನೋ ಸುಡುತ್ತಿದೆ ಎಂದರ್ಥ. ಬಲ್ಬು ಮಂಕಾಗಿಯೇ ಉರಿಯಿತು. ಟಿಕಳಿ ನೋಡಿ ನಾಬು ಕೂಡಿಸಿ ಒಂದು ಮನೆಯನ್ನು, ಅಂದರೆ ಕೀಯನ್ನು, ಒತ್ತಿದೆ. ಸನಾದಿ ಎನ್ನಲು ಸನಾದಿಯಲ್ಲ, ಮೂಗಿನಲ್ಲಿ ಹಾಡುವ ಮನುಷ್ಯನ ಹಾಗೆ, ಕೊನೆಯಲ್ಲಿ ಸ್ವಲ್ಪ ನಡುಗುವ ದನಿ. ಭಾವನ ನಗುವೂ ಹಾಗೇ ಇತ್ತು. ಅಂಗಡಿಯ ಬಾಗಿಲು ಎಳೆದುಕೊಂಡು ಕುಳಿತೆ.

ಮದುವೆ ಸಾಂಬ್ರಾಣಿಯ ಮನೆ ಮುಂದಿನ ಚಪ್ಪರದಲ್ಲಿ, ಉರಿ ಬೇಸಿಗೆಯಲ್ಲಿ. ನುಡಿಸಲು ಭಾವನ ಆರ್ಕೆಸ್ಟ್ರಾದ ಗೆಳೆಯ ದಾಂಡೇಲಿಯಿಂದ ಬಂದಿದ್ದ. ಮುಹೂರ್ತ ಹತ್ತಿರವಾದಂತೆ ಬಲ್ಬುಗಳು ಕೆಂಪಗಾದವು, ಹುಡುಗಿಗೆ ಕೇಳದಂತೆ ಮೆಲ್ಲಗೆ ಒತ್ತಿ ನೋಡಿದರೆ ಪೆಟ್ಟಿಗೆಯ ದನಿ ಗೊಗ್ಗರಾಗಿತ್ತು. ನಾನು ತಂದಿದ್ದ ಸ್ಟೆಪಪ್ಪಿನ ಕಿವಿಯನ್ನು ಕೊನೆಯವರೆಗೂ ಹಿಂಡಿದೆ. ಕರೆಂಟು ಕಡಿಮೆ ಬಂದರೆ ಅದನ್ನು ಏರಿಸಿಕೊಡುವ ಡಬ್ಬಿ ಅದು. ಆದರೆ ಕರೆಂಟು ಸರಿಯಾದ ಕ್ಷಣವೇ ಕೈಯಾರೆ ಇಳಿಸಬೇಕು, ಇಲ್ಲದಿದ್ದರೆ ಅದಕ್ಕೆ ಹಚ್ಚಿದ ಯಂತ್ರವನ್ನು ಸುಟ್ಟೇಬಿಡುತ್ತದೆ. ಅದರ ಮುಳ್ಳನ್ನೇ ನೋಡುತ್ತ ಕುಳಿತಿದ್ದೆ.

"ಸೋದರಮಾವ ಎಲ್ಲಿ? ಬರ್ರಿ ಜಲ್ದಿ," ಎಂದು ಮಂತ್ರ ಹೇಳುವ ಅಯ್ಯನವರು ಮೈಕಿನಲ್ಲಿ ಕೂಗಿದರು.

ಮದುಮಗಳನ್ನು ಕರೆತಂದು ಅವಳ ಬೆನ್ನ ಹಿಂದೆ ಸೋದರಮಾವ ನಿಲ್ಲಬೇಕು. ಅಪ್ಪನಿಲ್ಲದ ಹುಡುಗಿ, ನಾನಲ್ಲದೆ ಇನ್ಯಾರು ನಿಲ್ಲಬೇಕು? "ಬಲ್ಬ್ ಜೋರಾದ್ರ ಇದನ್ನ ಇಳಸ್ರಿ," ಎಂದು ಭಾವನ ಗೆಳೆಯನಿಗೆ ಹೇಳಿ ಎದ್ದೆ. ಅವನೋ ಎರಡೂ ಕೈ ಮನೆಗಳ ಮೇಲಿಟ್ಟು, ಅಯ್ಯನವರ ಬಾಯಿಯನ್ನೇ ನೋಡುತ್ತಿದ್ದ.

ಮಂತ್ರ ಮುಗಿಯುತ್ತ ಬಂತು. ಆಗ ಚಪ್ಪರದ ಬಲ್ಬುಗಳೆಲ್ಲ ಒಮ್ಮೆಲೇ ಝಗ್ ಎಂದವು. ಜನಕ್ಕೆಲ್ಲ ಖುಷಿ. "ಕರೆಂಟು ಚಲೋ ಬಂತ ನೋಡ್ರಿ," ಎಂದರು ಯಾರೋ. ನನಗೆ ಮಾತ್ರ ಏನಾಗಿದೆಯೆಂದು ತಕ್ಷಣ ಗೊತ್ತಾಯಿತು. ನಮ್ಮ ಹಳ್ಳಿಗಳಲ್ಲಿ ಕಂಬದಿಂದ ಬರುವ ಎರಡು ತಂತಿಗಳಲ್ಲಿ ಒಂದು ಕೈಕೊಟ್ಟರೆ, ಹಿತ್ತಲಲ್ಲಿ ಹೂತ ಅರ್ತಿಂಗಿನ ಸರಳೇ ಅದರ ಕೆಲಸ ಮಾಡುತ್ತಿತ್ತು. ನೆಲ ಒಣಗಿದರೆ ದೀಪ ಮಂಕಾಗುತ್ತದೆ. ಆ ಕುಣಿಗೆ ಕೊಡ ನೀರು ಸುರಿದರೆ ಮತ್ತೆ ಬೆಳಕಾಗುತ್ತದೆ. ಯಾರೋ ನೀರು ಸುರಿದಿದ್ದರು. "ಇಳಸ್ರಿ, ಇಳಸ್ರಿ," ಎಂದು ಕೂಗಿದೆ. ಮೈಕಿನ ಮುಂದೆ ನನ್ನ ದನಿ ಎಲ್ಲಿ ಕೇಳಬೇಕು? ಮದುಮಗಳ ಭುಜದ ಮೇಲಿನ ಕೈ ತೆಗೆಯುವಂತಿಲ್ಲ, ಸುತ್ತ ಅಕ್ಕಿಕಾಳು ಹಿಡಿದ ಜನ. ಗೆಳೆಯ ಮನೆ ಒತ್ತಿದ. ಪೆಟ್ಟಿಗೆ ಕರ್ರ್ ಎಂದಿತು, ಸುಟ್ಟ ವಾಸನೆ ಬಂತು. ಅಕ್ಕಿಕಾಳು ಬಿದ್ದವು. ಆ ಕರ್ರ್ ಸದ್ದಿಗೆ ಹುಡುಗಿ ತಲೆಯೆತ್ತಿ ನೋಡಿ ನಕ್ಕಳು. ಅಪ್ಪನ ಪೆಟ್ಟಿಗೆಯಿಂದ ಅವಳು ಕೇಳಿದ್ದು ಅಷ್ಟೇ.

ದನಿ ಹುಟ್ಟಿಸುವ ಐಸಿ ಚಿಪ್ಪೇ ಸುಟ್ಟಿತ್ತು. ಹುಬ್ಬಳ್ಳಿ, ಬೆಳಗಾವಿ, ಪಣಜಿ ಎಲ್ಲ ಅಲೆದೆ. ಅಂಥದ್ದನ್ನು ಮಾಡುವುದನ್ನೇ ಬಿಟ್ಟಿದ್ದಾರೆ ಎಂದರು. ಹೊಂದುವ ಬೇರೊಂದನ್ನು ಕೂಡಿಸಿದರೆ, ಟಿಕಳಿಗೆ ಸರಿಯಾಗಿ ನಾಬಿಟ್ಟರೂ ಲಾರಿಯ ಹಾರ್ನಿನಂಥ ದನಿ. ನಾನೇ ತಿರುಗಿಸಿ ತಿರುಗಿಸಿ ಹುಡುಕಿದೆ, ಸಿಗಲಿಲ್ಲ. ನೀರು ಸುರಿದ ಮಹಾಶಯ ಯಾರೆಂದು ಗೊತ್ತಾದರೆ ನೀರಿಳಿಸಬೇಕೆಂದು ಹಲ್ಲು ಕಡಿಯುತ್ತಿದ್ದೆ.

ಒಂದು ದಿನ ಅಕ್ಕ ಅಂಗಡಿಗೆ ಬಂದು, ಬಿಚ್ಚಿಟ್ಟ ಪೆಟ್ಟಿಗೆಯ ಮುಂದೆ ಕುಳಿತಳು.

"ಟಿಕಳಿ ಎಲ್ಲಾ ಇದ್ದಲ್ಲೇ ಅದಾವು. ಮತ್ತ ಯಾಕ ಬರವಲ್ದೋ ತಮ್ಮಾ?"

"ಹಳೇದಾಗಿತ್ತಕ್ಕಾ."

ಅಕ್ಕ ಸೆರಗಿನಿಂದ ಒಂದು ನಾಬಿನ ಧೂಳು ಒರೆಸಿದಳು. ಈಗ ಒರೆಸಬಹುದಿತ್ತು.

"ಅವತ್ತ ಅಕ್ಕಿಕಾಳಿನ ಮುಂದ ನಾ ನಿಂದರೂ ಹಂಗಿಲ್ಲಲ್ಲ, ಹಿತ್ತಲದಾಗ ಒಬ್ಬಾಕಿನ ಇದ್ದೆ. ಲೈಟ್ ಕೆಂಪಗಾತು. ಅವರ ಪೇಟಿ ನುಡೀಬೇಕಲ್ಲ ಅಂತ ಓಡಿಹೋಗಿ ಅರ್ತಿಂಗಿಗೆ ನೀರ ಹಾಕಿದೆ. ಎರಡ ಕೊಡ. ಏನೂ ಕಡಿಮಿ ಮಾಡಲಿಲ್ಲ ನೋಡು ನಾ."

"ಹೂಂ ಅಕ್ಕಾ," ಎಂದೆ. "ಕರೆಂಟು ಚಲೋ ಬಂದಿತ್ತು."